ನಲವತ್ತೊಂದನೆಯ ನಿಮಿಷ

ಸೆಕ್ಟರ್ 9, ರೋಹಿಣಿ
ದೆಹಲಿ
4 ಫೆಬ್ರುವರಿ 2007, ಭಾನುವಾರ

ಪ್ರೀತಿಯ ಬಸು,

ಶಿಲ್ಲಾಂಗ್‌ನ ಚಳಿಯಲ್ಲಿ ನೀನು ಆರೋಗ್ಯವಾಗಿದ್ದೀಯ ಎಂದುಕೊಂಡು ಶುರು ಮಾಡುತ್ತೇನೆ. ಸಂಕ್ರಾಂತಿಯ ಮರುದಿನ ನೀನು ಹಾಕಿದ ಕಾಗದ, ಅದರೊಳಗಿಟ್ಟ ಮದುವೆ ಕಾರ್ಡಿನ ಕರಡು, ಎರಡೂ ಬಂದು ಹದಿನೈದು ದಿನಕ್ಕೂ ಮೇಲಾಯಿತು. ಉತ್ತರ ಬರೆಯದಿದ್ದದ್ದು ನನ್ನ ತಪ್ಪು. ಪರೀಕ್ಷೆ, ನೆಗಡಿ, ನಿನ್ನ ಭಾವನ ಮೊಣಕಾಲು ಎಂದು ನೆಪ ಹೇಳಬಹುದಿತ್ತು. ನಿಜ ಹೇಳುತ್ತೇನೆ: ಮೊನ್ನೆಯವರೆಗೆ ಬರೆಯದಿದ್ದದ್ದು ಸೋಮಾರಿತನದಿಂದ. ನಿನ್ನೆಯಿಂದ ಬರೆಯದಿದ್ದದ್ದು ಸಿಟ್ಟಿನಿಂದ. ಇವತ್ತು ಅದೇ ಸಿಟ್ಟಿನಿಂದ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದರೆ ನೀನು ಎರಡನೇ ಮಾತಿಗೇ "ಅಕ್ಕ, ಮೀಟಿಂಗ್‌ನಲ್ಲಿದ್ದೀನಿ, ಅರ್ಥ ಆಯ್ತು, ಅರ್ಥ ಆಯ್ತು" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ನಡುವೆ ತಡೆಯಲು ಆಗುವುದಿಲ್ಲ. ಕೂತು ಓದು.

ಮೊದಲು ಮನೆಯ ಸುದ್ದಿ. ಭಾವ ಚೆನ್ನಾಗಿದ್ದಾರೆ; ಬಿಸಿಲು ಬಂದೊಡನೆ ಎದುರಿನ ಪಾರ್ಕಿನಲ್ಲಿ ಕಡಲೆಕಾಯಿ ಹಿಡಿದು ಕೂರುತ್ತಾರೆ. ಲೋಧಿ ಕಾಲೋನಿಯಲ್ಲಿ ನಿನ್ನ ಹೆಂಡತಿ ಸರಳಾ ಆಗಲೇ ಸೀರೆಗಳ ಪಟ್ಟಿ ಮಾಡಿದ್ದಾಳೆ. ನಿನ್ನ ಮಗಳು ಧನ್ಯಾ ಕೂದಲು ಕತ್ತರಿಸಿಕೊಂಡದ್ದು ನಿನಗೂ ಗೊತ್ತಿರಬೇಕು. ಸೊಂಟ ಮುಟ್ಟುತ್ತಿದ್ದ ಜಡೆ ಈಗ ಕಿವಿಯ ಹತ್ತಿರಕ್ಕೆ ಬಂದಿದೆ. "ಮದುವೆಗೆ ಮೂರು ತಿಂಗಳಿಲ್ಲ, ಮೊಗ್ಗಿನ ಜಡೆ ಎಲ್ಲಿಗೆ ಕಟ್ಟಲಿ ಅಕ್ಕಾ?" ಎಂದು ಸರಳಾ ಫೋನಿನಲ್ಲಿ ಅತ್ತಳು. ಚವರಿ ಹಾಕಿದರಾಯಿತು ಎಂದು ಸಮಾಧಾನ ಹೇಳಿದೆ. ಯಾಕೆ ಕತ್ತರಿಸಿಕೊಂಡಳು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಈಗ ಶಾಲೆಯ ವಿಷಯ. ಇದನ್ನು ಓದದೆ ಹಾರಿಸಬೇಡ. ನಿನಗೆ ಹೇಳಬೇಕಾದದ್ದೆಲ್ಲ ಇದರೊಳಗೇ ಇದೆ.

ಈ ವರ್ಷ ಒಂಬತ್ತನೇ ತರಗತಿಗೆ ಶನಿವಾರ ಒಂದು ಸಿನಿಮಾ ಪೀರಿಯಡ್ ಮಾಡಿದ್ದಾರೆ. ಇಂಗ್ಲಿಷ್ ಟೀಚರ್ ಎಂಬ ಕಾರಣಕ್ಕೆ ನನ್ನ ತಲೆಗೆ ಕಟ್ಟಿದರು. ಸಿನಿಮಾದಿಂದ ಚಿಕ್ಕದೊಂದು ದೃಶ್ಯ ಆರಿಸಿ ತೋರಿಸಬೇಕು, ಮಕ್ಕಳು ಅದನ್ನು ಬಿಡಿಸಿ ನೋಡಬೇಕು. ಹದಿನಾಲ್ಕು ಹದಿನೈದರ ಮೂವತ್ತೆಂಟು ಹುಡುಗ ಹುಡುಗಿಯರು. ಮೊದಮೊದಲು ಹಾಡು ಹಾಕಿ ಎಂದು ಬೆಂಚು ಬಡಿಯುತ್ತಿದ್ದರು. ನಾನು ನನ್ನದೇ ಕಟ್ಟಳೆ ಮಾಡಿಕೊಂಡೆ. ದೃಶ್ಯ ಮೂರು ನಿಮಿಷ ಮೀರಬಾರದು. ಮುಂದಿನ ಹಿಂದಿನ ಕಥೆ ಗೊತ್ತಿಲ್ಲದವರಿಗೂ ತಿಳಿಯಬೇಕು. ಅದರೊಳಗೆ ಯಾರಿಗೋ ಏನೋ ಬೇಕಾಗಿರಬೇಕು, ಇನ್ನೊಬ್ಬರು ಅಡ್ಡ ನಿಂತಿರಬೇಕು. ಮೊದಲ ಸಲ ಸದ್ದಿಲ್ಲದೆ ತೋರಿಸುತ್ತೇನೆ. ಕಂಡದ್ದನ್ನಷ್ಟೇ ಬರೆಯಬೇಕು, 'ಅವಳಿಗೆ ದುಃಖ' ಎಂದು ಬರೆದರೆ ಹೊಡೆದು ಹಾಕುತ್ತೇನೆ, 'ಅವಳು ಲೋಟ ಕೆಳಗಿಟ್ಟಳು' ಎಂದು ಬರೆದರೆ ಸರಿ. ಎರಡನೇ ಸಲ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಮಾತ್ರ ನೋಡಬೇಕು. ಮೂರನೇ ಸಲ ಸದ್ದು. ನಾಲ್ಕು ತಿಂಗಳಲ್ಲಿ ಮಕ್ಕಳ ಕಣ್ಣು ಎಷ್ಟು ಚುರುಕಾಯಿತೆಂದರೆ ನಾನು ಕಾಣದ್ದನ್ನು ಅವರು ಹೇಳತೊಡಗಿದರು.

ಆದರೆ ದೃಶ್ಯ ಆರಿಸುವುದು ನಾನಾದರೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಾದವರು ಪ್ರಿನ್ಸಿಪಾಲ್ ಮೇಡಂ. ಜನವರಿಯಿಡೀ ಆ ಹೆಂಗಸು ನನ್ನ ತಲೆ ತಿಂದರು. ಎಲ್ಲರ ಊಟವಾದ ಮೇಲೆ ಸೊಸೆಯೊಬ್ಬಳು ಅಡುಗೆಮನೆಯಲ್ಲಿ ಒಬ್ಬಳೇ ತಳ ಕೆರೆದು ಉಣ್ಣುವ ದೃಶ್ಯ ಕೊಟ್ಟೆ. "ಟೂ ನೆಗೆಟಿವ್" ಎಂದರು. ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಮಗ ಮಾತಿಲ್ಲದೆ ರೈಲಿಗೆ ಕಾಯುವ ದೃಶ್ಯ ಕೊಟ್ಟೆ. ಅಪ್ಪನ ಕೈಯಲ್ಲಿ ಬೀಡಿ ಇದೆ ಎಂದು ಅದನ್ನೂ ತೆಗೆದರು. ಹುಡುಗನೊಬ್ಬ ಮಾರ್ಕ್ಸ್ ಕಾರ್ಡಿಗೆ ಕಳ್ಳ ಸಹಿ ಹಾಕುವ ದೃಶ್ಯಕ್ಕೆ "ಅಹಲ್ಯಾ ಜೀ, ಆಪ್ ಬಚ್ಚೋಂ ಕೋ ಕ್ಯಾ ಸಿಖಾ ರಹೀ ಹೈಂ?" ಎಂದು ನನ್ನನ್ನೇ ಕೇಳಿದರು. ಮೂವತ್ತು ವರ್ಷ ಪಾಠ ಮಾಡಿದವಳನ್ನು, ಮಕ್ಕಳಿಗೆ ಏನು ಕಲಿಸುತ್ತಿದ್ದೀರಿ ಎಂದು! ಕೊನೆಗೆ, ಏನಾದರೂ ಖುಷಿಯದ್ದು ತೋರಿಸಿ ಎಂದು ನಗುತ್ತ ಹೇಳಿದರು: "ಕುಛ್ ಹ್ಯಾಪಿ ದಿಖಾಯಿಯೇ. ಫ್ಯಾಮಿಲಿ, ಫಂಕ್ಷನ್, ಸಂಸ್ಕಾರ್."

ಕೋಪ ನೆತ್ತಿಗೇರಿತು ಬಸು. ಫ್ಯಾಮಿಲಿ ತಾನೆ? ಫಂಕ್ಷನ್ ತಾನೆ? ತಗೋ ಎಂದುಕೊಂಡೆ. ಧನ್ಯಾಳ ನಿಶ್ಚಿತಾರ್ಥದ ಸಿ.ಡಿ. ನನ್ನ ಬ್ಯಾಗಿನಲ್ಲೇ ಇತ್ತು. ಸರಳಾ ನೋಡಲೆಂದು ಕೊಟ್ಟು ತಿಂಗಳಾಗಿತ್ತು, ನಾನು ಹಾಕಿಯೂ ನೋಡಿರಲಿಲ್ಲ. ಕಂಪ್ಯೂಟರ್ ಸರ್ ಹತ್ತಿರ ಹೋಗಿ, ಕವರಿನ ಮೇಲೆ ಬರೆದಿರುವಂತೆ ಹುಡುಗಿಯ ಒಪ್ಪಿಗೆ ಕೇಳುವ ಶಾಸ್ತ್ರ ನಲವತ್ತೊಂದನೆಯ ನಿಮಿಷದಲ್ಲಿದೆ, ಅಲ್ಲಿಂದ ಮೂರು ನಿಮಿಷ ಕತ್ತರಿಸಿಕೊಡಿ ಎಂದೆ. ಪ್ರಿನ್ಸಿಪಾಲ್ ಮೊದಲ ಅರ್ಧ ನಿಮಿಷ ನೋಡಿ, "ಹೌ ಸ್ವೀಟ್, ಸೌತ್ ಇಂಡಿಯನ್ ಸಗಾಯಿ!" ಎಂದು ಸಹಿ ಹಾಕಿದರು.

ಮನೆಯ ಹುಡುಗಿಯ ವಿಡಿಯೋವನ್ನು ಅವಳನ್ನು ಕೇಳದೆ ತರಗತಿಯಲ್ಲಿ ತೋರಿಸಬಹುದೇ ಎಂದು ನೀನು ಕೇಳುತ್ತೀಯ. ತೋರಿಸಬಾರದಿತ್ತು. ಯಾರೆಂದು ಮಕ್ಕಳಿಗೆ ಹೇಳಲಿಲ್ಲ, ಅಷ್ಟೇ. ಅವಳನ್ನು ಕೇಳದೆ ಮಾಡುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ.

ನಿನ್ನೆ ಶನಿವಾರ, ನಾಲ್ಕನೇ ಪೀರಿಯಡ್. ದೊಡ್ಡ ಟಿ.ವಿ.ಯಲ್ಲಿ ಸದ್ದು ತೆಗೆದು ಹಾಕಿದೆ. ನೀನು ಆ ದಿನ ಅಲ್ಲೇ ಇದ್ದೆಯಲ್ಲ, ಆದರೂ ಹೇಳುತ್ತೇನೆ. ನೀನು ನೋಡಿಲ್ಲ ಎಂದು ನನಗೀಗ ಖಾತ್ರಿಯಾಗಿದೆ. ಲೋಧಿ ಕಾಲೋನಿಯ ನಿಮ್ಮ ಕ್ವಾರ್ಟರ್ಸಿನ ಮುಂದಿನ ಹುಲ್ಲಿನ ಮೇಲೆ ಶಾಮಿಯಾನ. ಧನ್ಯಾ ಮಣೆಯ ಮೇಲೆ. ಎದುರಿಗೆ ಹುಡುಗ ಆದರ್ಶ್, ಪಕ್ಕದಲ್ಲಿ ಅವನ ತಾಯಿ ರತ್ನಪ್ರಭಾ, ಕೈಯಲ್ಲಿ ಸಕ್ಕರೆಯ ಬಟ್ಟಲು. ಹುಡುಗನ ದೊಡ್ಡಪ್ಪ ಚಂದ್ರಮೋಹನರು ಮುಂದೆ ಬಾಗಿ ಏನೋ ಕೇಳುತ್ತಾರೆ. ಧನ್ಯಾ ಮುಖ ಎತ್ತುತ್ತಾಳೆ. ಅವಳ ಬಾಯಿ ತೆರೆಯುತ್ತದೆ. ಹಿಂದಿನಿಂದ ಹಸಿರು ಬಳೆಯ ಕೈಯೊಂದು ಬಂದು ಅವಳ ಜಡೆಯ ಕೆಳಗೆ, ಕತ್ತಿನ ಮೇಲೆ ಕೂರುತ್ತದೆ. ತಲೆ ಬಾಗುತ್ತದೆ. ಎಲ್ಲರೂ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಇನ್ನೂ ತೆರೆದೇ ಇದ್ದ ಬಾಯಿಗೆ ರತ್ನಪ್ರಭಾ ಸಕ್ಕರೆ ಹಾಕುತ್ತಾರೆ.

ನೋಡಿ ಮುಗಿಯಿತು. ಹಿಂದಿನ ಬೆಂಚಿನ ದಹಿಯಾ, ಬಹಾದುರ್‌ಗಢದ ಕಡೆಯ ಹುಡುಗ, ಯಾವಾಗಲೂ ತರಲೆ ಮಾಡುವವನು, ಕೈ ಎತ್ತಿದ. "ಮ್ಯಾಮ್, ಪೀಛೇ ಕೀಜಿಯೇ." ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಅವನು ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಎಣಿಸಿದ. "ಅಂಕಲ್ ಕೇಳಿದ್ದಕ್ಕೂ ಇವಳು ತಲೆ ಬಗ್ಗಿಸಿದ್ದಕ್ಕೂ ನಡುವೆ ನಾಲ್ಕು ಸೆಕೆಂಡು ಮ್ಯಾಮ್. ಮೂರನೇ ಸೆಕೆಂಡಿಗೆ ಕೈ ಬಂತು. ಇವಳು ತಲೆ ಬಗ್ಗಿಸಲಿಲ್ಲ. ಬಗ್ಗಿಸಿದ್ದು ಆ ಕೈ." ಆಮೇಲೆ ನನ್ನನ್ನೇ ನೋಡಿ ಕೇಳಿದ: "ಮ್ಯಾಮ್, ಲಡ್ಕೀ ನೇ ಹಾಂ ಕಹಾಂ ಬೋಲಾ?"

ಹುಡುಗಿ ಹೂಂ ಎಂದದ್ದೆಲ್ಲಿ? ನಾವು ನೂರಿಪ್ಪತ್ತು ಜನ ಹೋಳಿಗೆ ಉಂಡು ಬಂದೆವು. ಒಬ್ಬರಿಗೂ ಈ ಪ್ರಶ್ನೆ ಹೊಳೆಯಲಿಲ್ಲ.

ಎರಡನೇ ಸುತ್ತಿನಲ್ಲಿ ಪಾತ್ರ ಹಂಚಿದೆ. ಹುಡುಗಿಯ ಅಪ್ಪನನ್ನು ನೋಡಲು ಕೂತಿದ್ದ ನಾಲ್ವರು ಏನು ಬರೆದಿದ್ದಾರೆ ಗೊತ್ತೇ? ನೋಟ್‌ಬುಕ್ಕು ನನ್ನ ಮುಂದೆಯೇ ಇದೆ, ಓದುತ್ತೇನೆ: 'ತಂದೆ ಎರಡು ಸಲ ಮೊಬೈಲ್ ನೋಡಿದರು. ಮೂರು ಸಲ ಕ್ಯಾಮೆರಾ ನೋಡಿದರು. ಒಂದು ಸಲ ಪಂಚೆ ಸರಿಮಾಡಿಕೊಂಡರು. ಮಗಳನ್ನು ನೋಡಲಿಲ್ಲ.' ನಾಲ್ವರೂ ಹಾಗೆಯೇ ಬರೆದಿದ್ದಾರೆ. ಒಬ್ಬ ಮಾತ್ರ 'ಇವರು ಗೆಸ್ಟ್ ಇರಬಹುದು' ಎಂದು ಸೇರಿಸಿದ್ದಾನೆ. ಮೈಯೆಲ್ಲ ಉರಿಯಿತು. ಕೆಲಸ, ವರ್ಗಾವಣೆ, ರಜೆ ಸಿಗುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಮೂರು ದಿನದ ರಜೆ ಹಾಕಿ ಬಂದವನಿಗೆ ಮೂರು ನಿಮಿಷ ಮಗಳ ಮುಖ ನೋಡುವುದಕ್ಕೆ ಏನು ಧಾಡಿಯಾಗಿತ್ತು ನಿನಗೆ?

ಆ ಕೈ ಯಾರದು ಎಂದು ದೊಡ್ಡ ವಾದವೇ ನಡೆಯಿತು. ಕ್ಯಾಮೆರಾ ಧನ್ಯಾಳ ಮುಖವನ್ನು ಹತ್ತಿರ ಎಳೆದುಕೊಂಡಿದ್ದರಿಂದ ಕೈಯಷ್ಟೇ ಕಾಣುತ್ತದೆ, ಕೈಯವರು ಕಾಣುವುದಿಲ್ಲ. ಬಳೆಯಿಂದಲೂ ಗುರುತು ಹತ್ತುವುದಿಲ್ಲ; ಆ ಬೆಳಿಗ್ಗೆ ಬಳೆಗಾರ ಭಯ್ಯಾ ಬಂದು ಮನೆಯ ಹೆಂಗಸರಿಗೆಲ್ಲ ಒಂದೇ ಹಸಿರಿನ ಡಜನ್ ಬಳೆ ಇಡಿಸಿ ಹೋಗಿದ್ದನಲ್ಲ. "ಮಮ್ಮೀ ಕಾ ಹಾಥ್ ಹೈ" ಎಂದು ದಹಿಯಾ ತೀರ್ಪು ಕೊಟ್ಟ. ತಾಯಿಯ ಕೈಯೇ ಎಂದು ಎಲ್ಲರೂ ಒಪ್ಪಿದರು. "ಸರೀನಾ ಮ್ಯಾಮ್?" ಎಂದು ನನ್ನನ್ನು ಕೇಳಿದರು. ಇರಬಹುದು ಎಂದೆ.

ಮೂರನೇ ಸಲ ಸದ್ದು ಕೊಟ್ಟೆ. ಚಂದ್ರಮೋಹನರ ಗಟ್ಟಿ ಕನ್ನಡ ತರಗತಿಯಲ್ಲಿ ಮೊಳಗಿತು: "ಏನಮ್ಮಾ, ಈ ಸಂಬಂಧ ನಿನಗೆ ಮನಃಪೂರ್ವಕವಾಗಿ ಒಪ್ಪಿಗೆ ತಾನೆ?" ಆಮೇಲೆ ಧನ್ಯಾಳ ದನಿ, ಬಹಳ ಸಣ್ಣಗೆ: "ನಂಗೆ... ವೋ... ನಂಗೆ..." ಅಷ್ಟರಲ್ಲಿ ನಗೆ. ಯಾರೋ "ನಾಚಿಕೆ, ನಾಚಿಕೆ!" ಎಂದರು. ಚಪ್ಪಾಳೆ.

"ಉಸ್ನೇ ಕ್ಯಾ ಕಹಾ, ಮ್ಯಾಮ್?" ಅವಳೇನಂದಳು ಎಂದು ಕೇಳಿದವಳು ಮನ್‌ಪ್ರೀತ್. ಮುಂದಿನ ಬೆಂಚಿನ ಹುಡುಗಿ, ಮಾತು ಕಮ್ಮಿ.

ನಂಗೆ ಎಂಬುದನ್ನು ಹಿಂದಿ ಮಾಡಿ "ಮುಝೇ" ಎಂದೆ.

"ಮುಝೇ ಕ್ಯಾ?"

"ಅಷ್ಟೇ. ಮುಂದೆ ಇಲ್ಲ."

ಬಸು, ನೀನು, ನಾನು, ಸರಳಾ ಎಲ್ಲರೂ ಗದಗದಲ್ಲಿ ಹುಟ್ಟಿ ಬೆಳೆದವರು. ನಮಗೆ ಕನ್ನಡ ನಾಲಗೆಯ ತುದಿಯಲ್ಲಿರುತ್ತದೆ. ಆ ಹುಡುಗಿ ದೆಹಲಿಯಲ್ಲಿ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಹುಡುಕಬೇಕು. ಮೊದಲು ಹಿಂದಿಯಲ್ಲಿ ಬರುತ್ತದೆ, ಅದನ್ನು ತಳ್ಳಿ ಕನ್ನಡ ತರುತ್ತಾಳೆ. ಹಿರಿಯರ ಮುಂದೆ ಹಿಂದಿಯಲ್ಲಿ ಮಾತಾಡಬೇಡ ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದವರು ನಾವೇ. ಚಪಾತಿ ಬೇಕೋ ಅನ್ನ ಬೇಕೋ ಎಂದು ಕೇಳಿದರೂ ಅವಳಿಗೆ ಐದು ಸೆಕೆಂಡು ಹಿಡಿಯುತ್ತದೆ, ನಾವು ಕಾಯುತ್ತೇವೆ. ಬದುಕಿನ ಪ್ರಶ್ನೆ ಕೇಳಿ ನಾಲ್ಕು ಸೆಕೆಂಡು ಕೂಡ ಕೊಡಲಿಲ್ಲ. ಅವಳು ಮಾತು ಹುಡುಕುತ್ತಿದ್ದಳು. ನಾವು ನಾಚಿಕೆ ಎಂದುಕೊಂಡು ಬಾಯಿಗೆ ಸಕ್ಕರೆ ತುಂಬಿದೆವು. ದೆಹಲಿಗೆ ಬಂದು ಮಕ್ಕಳನ್ನು ಬೆಳೆಸಿದ ನಾವು ಮಾಡಬಹುದಾದ ತಪ್ಪು ಇದು.

ಆದರ್ಶ್ ಕೆಟ್ಟ ಹುಡುಗ ಎಂದು ನಾನು ಹೇಳುತ್ತಿಲ್ಲ. ಗುಡಗಾಂವ್‌ನಲ್ಲಿ ಒಳ್ಳೆಯ ಕೆಲಸ, ಫ್ಲ್ಯಾಟು, ಕುಡಿಯುವುದಿಲ್ಲ. ಈ ಸಂಬಂಧ ತಂದವಳೇ ನಾನು. ಆದರೆ ಅವನೂ ಅವಳ ಮಾತು ಮುಗಿಯಲು ಬಿಡುವುದಿಲ್ಲ. ಎರಡು ಸಲ ಕಾಫಿಗೆ ಹೋಗಿದ್ದಾಗ ಅವಳ ಪ್ರತಿಯೊಂದು ವಾಕ್ಯವನ್ನೂ ಅವನೇ ಪೂರ್ತಿ ಮಾಡಿದನಂತೆ. ಇಪ್ಪತ್ತೊಂದು ವರ್ಷದ ಹುಡುಗಿ, ಭೂಗೋಳದಲ್ಲಿ ಕಾಲೇಜಿಗೇ ಎರಡನೆಯವಳು, ಎಂ.ಎ.ಗೆ ಅರ್ಜಿ ತುಂಬಿಟ್ಟಿದ್ದವಳು. ಅರ್ಜಿ ಏನಾಯಿತು ಎಂದು ನೀನು ವಿಚಾರಿಸಿದೆಯಾ? ಸರಳಾ ಅದನ್ನು ಕಪಾಟಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಾಳೆ.

ನಿನ್ನ ಕಾಗದದಲ್ಲಿ ಬರೆದಿದ್ದೀಯ, 'ಅಕ್ಕ, ನೀನಿದ್ದೀಯಲ್ಲ, ಎಲ್ಲ ನೀನೇ ನೋಡಿಕೋ' ಎಂದು. ಆ ವಾಕ್ಯ ಓದಿದಾಗಲೆಲ್ಲ ಕಾಗದ ಹರಿದು ಹಾಕಬೇಕೆನಿಸುತ್ತದೆ. ಲೇಹ್‌ಗೆ ಹೋದಾಗ ಹೀಗೆಯೇ ಹೇಳಿದೆ, ಅವಳಿಗೆ ಆರು ವರ್ಷ. ಪೋರ್ಟ್‌ಬ್ಲೇರ್‌ಗೆ ಹೋದಾಗ ಹೇಳಿದೆ, ಹನ್ನೊಂದು ವರ್ಷ. ಸರಳಾಳನ್ನು ಕರೆದುಕೊಂಡು ಹೋದೆ, ಮಗಳ ಶಾಲೆ ಕೆಡಬಾರದೆಂದು ನನ್ನ ಹತ್ತಿರ ಬಿಟ್ಟೆ. ನಾನು ಬೇಸರದಿಂದ ಸಾಕಲಿಲ್ಲ. ನನ್ನ ಮನೆಯಲ್ಲಿ ಮಗು ಅಂತ ಓಡಾಡಿದ್ದು ಅವಳೊಬ್ಬಳೇ. ಆದರೆ ನೋಡಿಕೊಳ್ಳುವುದನ್ನೆಲ್ಲ ನನಗೆ ಬಿಟ್ಟು ನೀನು ನೋಡುವುದನ್ನೇ ಬಿಟ್ಟೆ.

ಈಗ ನೀನು ಮಾಡಬೇಕಾದದ್ದು ಇಷ್ಟು. ಕಾರ್ಡಿನ ಕರಡನ್ನು ತಿದ್ದದೆ ಇದರ ಜೊತೆ ವಾಪಸು ಇಟ್ಟಿದ್ದೇನೆ; ಪ್ರೆಸ್ಸಿಗೆ ಕೊಡಬೇಡ. ಒಂದು ವಾರ ರಜೆ ಹಾಕಿ ಬಾ. ಗುವಾಹಟಿಯಿಂದ ವಿಮಾನ ಇದೆ, ರೈಲಿನ ನೆಪ ಬೇಡ. ಬಂದು ಮಗಳ ಎದುರು ಕೂತು, ಮೊಬೈಲ್ ಆರಿಸಿ, ಹಿಂದಿಯಲ್ಲೇ ಕೇಳು. ಕೇಳಿ ಸುಮ್ಮನಿರು. ನಾಲ್ಕು ಸೆಕೆಂಡಲ್ಲ, ನಾಲ್ಕು ಗಂಟೆಯಾದರೂ ಕಾಯಿ. ಅವಳು ಹೂಂ ಎಂದರೆ ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ನಾನೇ ಮುಂದೆ ನಿಂತು ಮಂಟಪ ಕಟ್ಟಿಸುತ್ತೇನೆ. ಬೇಡ ಎಂದರೆ ರತ್ನಪ್ರಭಾ ಅವರ ಮನೆಗೆ ನಾನೇ ಹೋಗಿ ಬೈಸಿಕೊಂಡು ಬರುತ್ತೇನೆ. ಸಮಾಜದಲ್ಲಿ ತಲೆ ಎತ್ತುವುದು ಹೇಗೆ ಎಂದು ಮಾತ್ರ ನನ್ನೆದುರು ಅನ್ನಬೇಡ.

ಆರೋಗ್ಯ ನೋಡಿಕೋ. ಸ್ವೆಟರ್ ಹಾಕಿಕೋ. ಎಷ್ಟು ಬೈದರೂ ನೀನು ನನ್ನ ತಮ್ಮ. ನಿನಗೆ ಒಳ್ಳೆಯದಾಗಲಿ, ನಿನ್ನ ಮಗಳಿಗೆ ಇನ್ನೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಅಹಲ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಒಂದು ಸಲ ಓದಿಕೊಂಡೆ. ನಿನ್ನನ್ನು ಬೈದದ್ದರಲ್ಲಿ ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಎರಡು ಸಂಗತಿ ಬಿಟ್ಟಿದ್ದೇನೆ, ಬೇಕೆಂದೇ ಬಿಟ್ಟಿದ್ದೆ.

ಅವಳ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ಗೊತ್ತಿರಲಿಲ್ಲ ಎಂಬಂತೆ ಬರೆದೆ. ಈ ಮದುವೆ ಬೇಡ ಎಂದು ಧನ್ಯಾ ನನಗೆ ಹೇಳಿದ್ದಳು. ಆ ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಅಡುಗೆಮನೆಯಲ್ಲಿ ನಾನು ಯೂನಿಟ್ ಟೆಸ್ಟಿನ ಪೇಪರ್ ತಿದ್ದುತ್ತ ಕೂತಿದ್ದೆ. ಅವಳು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, "ಅತ್ತೆ, ಮುಝೇ ನಹೀಂ ಕರ್ನಾ. ನೀವು ಹೇಳಿದ್ರೆ ಅಪ್ಪ ಕೇಳ್ತಾರೆ" ಎಂದಳು. ಕಾಫಿಗೆ ಹೋದಾಗಿನ ವಿಷಯ ಹೇಳಿದ್ದೂ ಆಗಲೇ. ನಾನು ಪೆನ್ನು ಕೆಳಗಿಡಲಿಲ್ಲ. "ಆಯ್ತು ಪುಟ್ಟಿ, ನಾನು ಮಾತಾಡ್ತೀನಿ" ಎಂದೆ. ಅಷ್ಟರಲ್ಲಿ ಬಳೆಗಾರ ಬಂದ, ಶಾಮಿಯಾನದವನು ಬಂದ, ನೂರಿಪ್ಪತ್ತು ಎಲೆಗೆ ಅಡುಗೆ ಆಗಿಹೋಗಿತ್ತು. ನಾನು ತಂದ ಸಂಬಂಧ, ನನ್ನ ಮಾತು ಹೋಗುತ್ತದೆ ಎನಿಸಿತು. ನಿನಗೆ ಹೇಳಲಿಲ್ಲ. ಸಂಜೆ ಅವಳು ತಾನೇ ಹೇಳಲು ಬಾಯಿ ತೆರೆದಳು. ಅವಳು ಏನು ಹುಡುಕುತ್ತಿದ್ದಾಳೆ ಎಂದು ಆ ಶಾಮಿಯಾನದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಎರಡನೆಯದು ಮನ್‌ಪ್ರೀತ್ ಬರೆದದ್ದು. 'ಈ ಕೈ ಹುಡುಕಾಡುವುದಿಲ್ಲ. ಜಡೆಯ ಕೆಳಗೆ ನೇರವಾಗಿ ಹೋಗುತ್ತದೆ. ಈ ತಲೆಯನ್ನು ದಿನಾ ಬಾಚಿದವರ ಕೈ. ತೋರುಬೆರಳಿನ ಮೇಲೆ ಕುಂಕುಮದ ಕಲೆ ಇದೆ.' ಆ ಜಡೆಯನ್ನು ಆರನೇ ವಯಸ್ಸಿನಿಂದ ಬಾಚಿ ಹೆಣೆದವಳು ಸರಳಾ ಅಲ್ಲ ಬಸು. ಆ ಕಲೆ ಕುಂಕುಮದ್ದೂ ಅಲ್ಲ, ಕೆಂಪು ಇಂಕಿನದು. ಅವಳು ಜಡೆ ಯಾಕೆ ಕತ್ತರಿಸಿಕೊಂಡಳು ಎಂದು ನಾನು ಕೇಳದೆ ಉಳಿದದ್ದಕ್ಕೂ ಇದೇ ಕಾರಣ. ನಿನ್ನೆಯಿಂದ ಲೋಧಿ ಕಾಲೋನಿಗೆ ಹೋಗಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟೆ. ನೀನು ಬರುವ ದಿನ ಬರುತ್ತೇನೆ. ಅವಳ ಎದುರಿಗೆ ಕೂರುತ್ತೇನೆ, ಹಿಂದೆ ಅಲ್ಲ.

ಮನ್‌ಪ್ರೀತ್ ಒಬ್ಬಳನ್ನು ಬಿಟ್ಟು ಮೂವತ್ತೇಳು ಮಕ್ಕಳು 'ತಾಯಿಯ ಕೈ' ಎಂದು ಬರೆದಿದ್ದಾರೆ. ನಾನು ಇರಬಹುದು ಎಂದದ್ದಕ್ಕೆ ಬರೆದಿದ್ದಾರೆ. ನಾಳೆ ಮೊದಲ ಪೀರಿಯಡ್ ಅವರದೇ. ಕೆಂಪು ಪೆನ್ನು ಹಿಡಿದು ಬೆಳಗಿನಿಂದ ಕೂತಿದ್ದೇನೆ, ಇನ್ನೂ ಮೊದಲನೆಯ ಪುಸ್ತಕವನ್ನೇ ತಿದ್ದಿಲ್ಲ.